ಜಿಮ್ ಟ್ರೈನರ್ ಆಗಲು ಯಾವ ಸರ್ಟಿಫಿಕೇಟ್?

ಪಿಯುಸಿ ಮುಗಿಸಿದ ಮಗನೋ ಮಗಳೋ ‘ಜಿಮ್ ಟ್ರೈನರ್ ಆಗುತ್ತೇನೆ, ಕೋರ್ಸಿಗೆ ದುಡ್ಡು ಕೊಡಿ’ ಎಂದಾಗ ಮನೆಯವರು ಗಲಿಬಿಲಿಗೊಳ್ಳುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತಂದೆ ತಾಯಂದಿರು ಈ ಪ್ರಶ್ನೆಯನ್ನು ನನ್ನ ಬಳಿಗೂ ತರುವುದುಂಟು. ಸರ್ಟಿಫಿಕೇಟಿನ ಮೇಲಿರುವ ಹೆಸರಿಗಿಂತ ಕೋರ್ಸಿನಲ್ಲಿ ಏನು ಕಲಿಸುತ್ತಾರೆಂದು ನೋಡಿ ಎನ್ನುವುದೇ ನನ್ನ ಉತ್ತರ.

ಜಿಮ್ಮಿಗೆ ಬರುವವರೆಲ್ಲ ಗಟ್ಟಿಮುಟ್ಟಾದ ಹುಡುಗರಲ್ಲ. ತೋಟದಲ್ಲಿ ನಡೆಯುವುದನ್ನು ಬಿಟ್ಟು ಜೀಪಿನಲ್ಲೇ ಸುತ್ತುವ ಐವತ್ತರ ಬೆಳೆಗಾರರೂ ಬರುತ್ತಾರೆ. ಅವರಲ್ಲಿ ಕೆಲವರಿಗೆ ಬಿ.ಪಿ., ಕೆಲವರಿಗೆ ಸಕ್ಕರೆ ಕಾಯಿಲೆ. ಬಿ.ಪಿ. ಹತೋಟಿಯಲ್ಲಿಲ್ಲದವರು ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಆ ಕ್ಷಣದಲ್ಲಿ ವಿಪರೀತ ಏರುತ್ತದೆ. ಇನ್ಸುಲಿನ್ ಚುಚ್ಚಿಕೊಂಡು ಏನೂ ತಿನ್ನದೆ ಓಡಿದರೆ ಸಕ್ಕರೆ ಕುಸಿದು ಕಣ್ಣು ಕತ್ತಲೆ ಬರಬಹುದು. ಇಂಥವರನ್ನು ಗುರುತಿಸಿ, ‘ಮೊದಲು ಡಾಕ್ಟರನ್ನು ಕಂಡು ಬನ್ನಿ’ ಎಂದು ಹೇಳಲು ಕಲಿಸದ ಕೋರ್ಸಿಗೆ ಕಟ್ಟಿದ ದುಡ್ಡು ದಂಡ. ಇದಕ್ಕಾಗಿಯೇ ‘ಪಾರ್-ಕ್ಯೂ’ ಎಂಬ ಏಳು ಪ್ರಶ್ನೆಗಳ ಪಟ್ಟಿ ಇದೆ. ಎದೆನೋವು ಬರುತ್ತದೆಯೆ, ತಲೆ ಸುತ್ತುತ್ತದೆಯೆ, ದಿನವೂ ಯಾವುದಾದರೂ ಮಾತ್ರೆ ನುಂಗುತ್ತೀರಾ, ಇತ್ಯಾದಿ. ಕೇಳಲು ಐದು ನಿಮಿಷ ಸಾಕು.

ಎರಡನೆಯದು ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವ ಕ್ರಮ. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಇದನ್ನು ಗೊಂಬೆಯ ಮೇಲೆ ಕೈಯಾರೆ ಕಲಿಯಬೇಕು, ಮೊಬೈಲಿನಲ್ಲಿ ನೋಡಿದರೆ ಬರುವುದಿಲ್ಲ. ಕಳಸದ ಕಡೆಯಿಂದ ದೊಡ್ಡಾಸ್ಪತ್ರೆ ಮುಟ್ಟಲು ಎಷ್ಟು ತಿರುವು ದಾಟಬೇಕೆಂದು ನಿಮಗೇ ಗೊತ್ತು. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದರಂತೂ ಮುಗಿಯಿತು. 108 ಬರುವ ತನಕ ಟ್ರೈನರ್‌ನ ಎರಡು ಕೈಗಳೇ ಗತಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಹೆದರಿ ಜಿಮ್ ಬಿಟ್ಟವರಿದ್ದಾರೆ. ಆ ಹೆದರಿಕೆ ಬೇಡ, ಹದವರಿತ ವ್ಯಾಯಾಮ ಹೃದಯಕ್ಕೆ ಒಳ್ಳೆಯದೇ. ಆದರೆ ಪಕ್ಕದಲ್ಲಿ ನಿಂತವರಿಗೆ ಕೆಲಸ ಗೊತ್ತಿರಬೇಕು.

ಇನ್ನು ಕೋರ್ಸುಗಳ ವಿಷಯ. ನಮ್ಮ ದೇಶದಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಡಿ ‘ಫಿಟ್‌ನೆಸ್ ಟ್ರೈನರ್’ ಅರ್ಹತೆ ಇದೆ. ಊರಲ್ಲೇ ಕೆಲಸ ಮಾಡುವವರಿಗೆ ಇದು ಸಾಕೆಂದು ನನ್ನ ಅಭಿಪ್ರಾಯ. ಬೆಂಗಳೂರಿನ ದೊಡ್ಡ ಜಿಮ್ಮಿಗೋ ದುಬೈಗೋ ಹೋಗುವ ಆಸೆಯಿದ್ದರೆ ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಸ್, ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಮುಂತಾದವುಗಳ ಪರೀಕ್ಷೆ ಕಟ್ಟಬಹುದು. ಇವಕ್ಕೆ ಸಿಪಿಆರ್ ಪ್ರಮಾಣಪತ್ರ ಕಡ್ಡಾಯ. ಮೊದಲನೆಯದನ್ನು ಎರಡು ವರ್ಷಕ್ಕೊಮ್ಮೆ, ಎರಡನೆಯದನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಖರ್ಚು ಒಂದೇ ಸಲಕ್ಕೆ ಮುಗಿಯುವುದಿಲ್ಲವೆಂದು ಮೊದಲೇ ತಿಳಿದಿರಲಿ. ಬಿ.ಪಿ.ಎಡ್. ಓದುವುದು ಶಾಲೆಯ ದೈಹಿಕ ಶಿಕ್ಷಕರಾಗಲು, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಆಟದ ಕೋಚ್ ಆಗಲು. ಅವುಗಳ ದಾರಿ ಬೇರೆ.

ಎರಡೇ ದಿನದಲ್ಲಿ ಸರ್ಟಿಫಿಕೇಟ್ ಕೊಡುವವರು, ಕೋರ್ಸಿನ ಜೊತೆ ಪ್ರೋಟೀನ್ ಡಬ್ಬಿ ಮಾರುವವರು, ಸ್ಟೀರಾಯ್ಡ್ ಇಂಜೆಕ್ಷನ್ ಲೆಕ್ಕ ಹೇಳಿಕೊಡುವವರು ಇದ್ದಲ್ಲಿಗೆ ಮಕ್ಕಳನ್ನು ಕಳಿಸಬೇಡಿ. ಫೀಸು ಕಟ್ಟುವ ಮುನ್ನ ಪ್ರಾಯೋಗಿಕ ಪರೀಕ್ಷೆ ಇದೆಯೆ, ಸಿಪಿಆರ್ ಗೊಂಬೆ ಇದೆಯೆ, ಸರ್ಟಿಫಿಕೇಟಿನ ನಂಬರನ್ನು ಬೇರೆಯವರು ತಾಳೆ ನೋಡಲು ಸಾಧ್ಯವೆ ಎಂದು ಕೇಳಿ. ಸಾಧ್ಯವಾದರೆ ಅಲ್ಲಿ ಕಲಿತು ಈಗ ಕೆಲಸದಲ್ಲಿರುವ ಒಬ್ಬರನ್ನು ಕಂಡು ಮಾತಾಡಿ ಬನ್ನಿ.