ಅಜ್ಜಿಯ ಒಪ್ಪಿಗೆ ಅಜ್ಜಿಯದೇ

ವಿದ್ಯಾರ್ಥಿಗಳೇ, ಗಡಹಿಂಗ್ಲಜ ಕಡೆಯ ಒಬ್ಬ ಅಜ್ಜಿ ಸೊಂಟ ಮುರಿದು ಕೊಲ್ಹಾಪುರದ ದವಾಖಾನೆಯಲ್ಲಿ ಮಲಗಿದ್ದಾಳೆ ಅಂತ ತಿಳಿಯಿರಿ. ಐದು ದಿನದಿಂದ ಸಂಡಾಸ ಆಗಿಲ್ಲ. ಮಲಗಿಯೇ ಇದ್ದರೆ ಕರುಳಿನ ಚಲನೆ ನಿಧಾನವಾಗುತ್ತದೆ. ದೊಡ್ಡ ಕರುಳು ಮಲದೊಳಗಿನ ನೀರನ್ನು ಹೀರುತ್ತಲೇ ಇರುತ್ತದೆ. ಮಲ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಮೊದಲು ನೀರು, ನಾರಿನ ಆಹಾರ, ಔಷಧಿ. ಆಮೇಲೆ ಎನಿಮಾ, ಅಂದರೆ ಗುದದ್ವಾರದಿಂದ ದ್ರವ ಬಿಡುವುದು. ಯಾವುದರಿಂದಲೂ ಆಗದಿದ್ದರೆ ಮಾತ್ರ, ಕೈಗವಸು ಹಾಕಿ ಬೆರಳಿನಿಂದ ಮಲ ತೆಗೆಯುತ್ತಾರೆ. ತರಬೇತಿ ಪಡೆದವರೇ ಇದನ್ನು ಮಾಡಬೇಕು. ಯಾಕೆ? ಕರುಳಿನ ಗೋಡೆ ಹರಿಯಬಹುದು, ಹೃದಯದ ಬಡಿತ ಇಳಿಯಬಹುದು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಲ್ಲಿ ರಕ್ತದೊತ್ತಡ ಒಮ್ಮೆಲೇ ಏರಬಹುದು.

ಇನ್ನೊಂದು ಮಿತಿ ಒಪ್ಪಿಗೆಯದು. ‘ಮಗ ಸಹಿ ಮಾಡಿದರೆ ಸಾಕಲ್ಲ?’ ಅಂತೀರಾ? ಸಾಲದು. ಮಗಳ ಶಸ್ತ್ರಕ್ರಿಯೆಗೆ ತಾಯಿಯ ಒಪ್ಪಿಗೆ ಪಡೆದಿದ್ದ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು: ತಿಳುವಳಿಕೆಯುಳ್ಳ ವಯಸ್ಕರ ಚಿಕಿತ್ಸೆಗೆ ಅವರದೇ ಒಪ್ಪಿಗೆ ಬೇಕು. ಜೀವಕ್ಕೆ ಅಪಾಯವಿರುವ ತುರ್ತು ಸಮಯವಾದರೆ ಮಾತು ಬೇರೆ.

ಈಗ ನಮ್ಮ ಗಡಿಭಾಗದ ಮಾತು. ಸಿಸ್ಟರ್ ಮರಾಠಿಯಲ್ಲಿ ಹೇಳುತ್ತಾರೆ, ಅಜ್ಜಿಗೆ ಕನ್ನಡವಷ್ಟೇ ಗೊತ್ತು. ಅರ್ಥವಾಗದೆ ತಲೆ ಆಡಿಸಿದರೆ ಅದು ಒಪ್ಪಿಗೆಯಲ್ಲ. ಎರಡೂ ಭಾಷೆ ಬಲ್ಲ ನೀವು ಪಕ್ಕದಲ್ಲಿದ್ದರೆ ಹೇಳಿರಿ: “ಅಜ್ಜಿ, ಸಿಸ್ಟರ್ ಹಿಂಗ ಮಾಡ್ತಾರಂತ. ಸ್ವಲ್ಪ ನೋವಾಗಬಹುದು. ಬ್ಯಾಡ ಅಂದ್ರ ನಿಲ್ಲಸ್ತಾರ. ಏನಂತಿ?” ಅವಳ ಉತ್ತರವನ್ನು ಇದ್ದ ಹಾಗೆ ಸಿಸ್ಟರ್‌ಗೆ ತಿಳಿಸಿರಿ. ಪರದೆ ಎಳೆದಾಗ ಹೊರಗೆ ಬನ್ನಿರಿ. ನಡುವೆ ಅಜ್ಜಿ ‘ಸಾಕು’ ಅಂದರೆ ಕೈ ನಿಲ್ಲಬೇಕು.