ಒಂದಂಗುಲ ಮಣ್ಣು, 850 ಬಗೆ ಹೂ

ಮಹಾರಾಷ್ಟ್ರ ಗಡಿಯ ಐನಾಪುರದ ಎರಿ ಹೊಲದಲ್ಲಿ ಕಬ್ಬು ಹಚ್ಚಿದವರು ಎಕರೆಗೆ ಇಷ್ಟು ಟನ್ ಎಂದು ಲೆಕ್ಕ ಹಾಕುತ್ತಾರೆ. ಮಿರಜ, ಸಾಂಗಲಿ ದಾಟಿ ಸುಮಾರು 190 ಕಿ.ಮೀ. ಹೋದರೆ ಸಿಗುವ ಸಾತಾರಾ ಜಿಲ್ಲೆಯ ಕಾಸ್ ಪಠಾರದಲ್ಲಿ ಲೆಕ್ಕವೇ ಬೇರೆ. ಅದು 1,200 ಮೀಟರ್ ಎತ್ತರದಲ್ಲಿ ಹೆಚ್ಚುಕಡಿಮೆ 10 ಚದರ ಕಿ.ಮೀ. ಹರಡಿದೆ. ಕಲ್ಲುಹಾಸಿನ ಮೇಲೆ ಮಣ್ಣು ಒಂದಂಗುಲ ಇದ್ದರೆ ಹೆಚ್ಚು. ಅಷ್ಟರಲ್ಲೇ 850 ಬಗೆಯ ಹೂಗಿಡಗಳಿವೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಕಾಸ್ ಕೂಡ ಒಂದು.

ಮಣ್ಣು ತೆಳುವಾಗಿರುವುದೇ ಈ ಸಿರಿಗೆ ಕಾರಣ. ಮರಗಳಿಗೆ ಬೇರಿಳಿಸಲು ಜಾಗವಿಲ್ಲ; ಸಣ್ಣ ಗಿಡಗಳ ಮೇಲೆ ನೆರಳು ಬೀಳುವುದಿಲ್ಲ. ಮರಾಠಿಯವರು ‘ಸೀತೇಚಿ ಆಸವೆ’ ಎನ್ನುವ ನೀಲಿ ಹೂವನ್ನೇ ಬಗ್ಗಿ ನೋಡಿ. ಒದ್ದೆ ನೆಲದಲ್ಲಿ ಅದರ ಬುಡಕ್ಕೆ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ಸೂಕ್ಷ್ಮ ಜೀವಿ ಬಾಗಿಲಿನ ಕೂದಲು ಮುಟ್ಟಿತೋ, ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ನೀರಿನ ಸಮೇತ ಒಳಗೆ. ಮಣ್ಣಿನಲ್ಲಿ ಸಾರಜನಕ ಸಾಲದ್ದಕ್ಕೆ ಗಿಡ ಕಂಡುಕೊಂಡ ಗೊಬ್ಬರ ಅದು.

ಮುನ್ನಾರಿನ ನೀಲಕುರಿಂಜಿ 2006 ಮತ್ತು 2018ರಲ್ಲಿ ಅರಳಿತು, ಇನ್ನು 2030ಕ್ಕೆ. ಅದೇ ಬಳಗದ ಕಾಸ್‌ನ ಟೋಪ್ಲಿ ಕಾರವಿಗೆ 7 ವರ್ಷ ಬೇಕು. ನಮ್ಮ ಗಡಿಯ ಊರುಗಳವರಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವಷ್ಟು ಹತ್ತಿರ ಇಂಥ ಹೂ ಇದೆ ಎನ್ನುವುದು ಸಣ್ಣ ಮಾತಲ್ಲ.

ಖರ್ಚು ನೋಡೋಣ. ಹೋಗಿಬರಲು 380 ಕಿ.ಮೀ.; ಲೀಟರಿಗೆ 18 ಕಿ.ಮೀ. ಓಡುವ ಗಾಡಿಗೆ 21 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೆ 1,890 ರೂಪಾಯಿ. ನಾಲ್ವರು ಹಂಚಿಕೊಂಡರೆ ತಲೆಗೆ 475ರ ಒಳಗೇ ಬಂತು. ಟೋಲ್, ಪ್ರವೇಶ ಶುಲ್ಕ, ಊಟ ಬೇರೆ.

ಪಠಾರಕ್ಕೆ ಬೀಳುವ ಖರ್ಚನ್ನು ಮಾತ್ರ ಯಾರೂ ಹಂಚಿಕೊಳ್ಳುವುದಿಲ್ಲ. ಅಲ್ಲಿ ದಿನಕ್ಕೆ 3,000 ಜನರ ಮಿತಿ ಇಟ್ಟಿದ್ದಾರೆ. ಹೂವಿನ ಕಾಲ 45 ದಿನ ಎಂದುಕೊಂಡು, ಮಿತಿ ಪೂರ್ತಿ ತುಂಬಿದರೂ 1 ಲಕ್ಷ 35 ಸಾವಿರ ಜನ, 2 ಲಕ್ಷ 70 ಸಾವಿರ ಪಾದ. ಒಂದಂಗುಲದ ಮಣ್ಣಿಗೆ ಇದು ಬಹಳವಾಯಿತು. ಫೋಟೊಕ್ಕೆಂದು ಕಾಲುದಾರಿ ಬಿಟ್ಟು ಒಳಗೆ ಇಳಿಯುವವರನ್ನು ಬೈದಾದರೂ ತಡೆಯಬೇಕು ಅನ್ನಿಸುತ್ತದೆ. ಬೀಜ ಕಟ್ಟುವ ಮೊದಲೇ ಕಾರವಿ ಕಾಲಡಿ ಸಿಕ್ಕಿತೆಂದರೆ ಆ ಗಿಡದ 7 ವರ್ಷವೂ ಹೋದಂತೆಯೇ.