ಈ ಬೋರಮಾಳ ಯಾರದು, ಅಜ್ಜಿ?

ಮಕ್ಕಳೇ, ನಿಮ್ಮ ಮನೆಯ ತಿಜೋರಿಯಲ್ಲಿ ಅಜ್ಜಿಯ ಕಾಲದ ದಾಗೀನು ಒಂದಾದರೂ ಇದ್ದೇ ಇರುತ್ತದೆ. ಬೋರಮಾಳ ಇರಬಹುದು, ಬುಗುಡಿ ಇರಬಹುದು, ಸವೆದು ಹೋದ ಬೆಳ್ಳಿಯ ಕಾಲ್ಗಡಗ ಇರಬಹುದು. ಅದರ ತೂಕ ಎಷ್ಟು ಎಂದು ಕೇಳಿ ನೋಡಿ, ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದನ್ನು ಯಾರು, ಯಾರಿಗೆ, ಯಾಕೆ ಕೊಟ್ಟರು ಎಂದು ಕೇಳಿ. ಆಗ ಎಲ್ಲರೂ ಅಜ್ಜಿಯ ಮುಖ ನೋಡುತ್ತಾರೆ. ತೂಕ ಎಲ್ಲರಿಗೂ ಗೊತ್ತು, ಕಥೆ ಅಜ್ಜಿಗೆ ಮಾತ್ರ ಗೊತ್ತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬಂಗಾರದ ಸಾಲದ ಕೌಂಟರಿನಲ್ಲಿ ಹಲವು ವರ್ಷ ಕುಳಿತಿದ್ದೇನೆ. ಮುಂಗಾರು ಹತ್ತಿರ ಬಂತೆಂದರೆ ಬೀಜ, ಗೊಬ್ಬರಕ್ಕಾಗಿ ಹಳ್ಳಿಗಳಿಂದ ದಾಗೀನುಗಳು ಬರುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಬಿಡಿಸಿಕೊಂಡು ಹೋಗುತ್ತಿದ್ದರು. ಪರೀಕ್ಷೆ ಮಾಡುವ ಪತ್ತಾರರು ಒರೆಗಲ್ಲಿಗೆ ತಿಕ್ಕಿ ನೋಡಿ, ಹರಳಿನ ತೂಕ ಕಳೆದು ನಿವ್ವಳ ತೂಕ ಬರೆಸುತ್ತಿದ್ದರು. ಬೋರಮಾಳ ಬಂದರೆ ಇನ್ನೊಂದು ಲೆಕ್ಕ. ಬೋರೆಹಣ್ಣಿನ ಆಕಾರದ ಅದರ ಗುಂಡುಗಳು ಒಳಗೆ ಪೊಳ್ಳು. ತೆಳುವಾದ ಚಿನ್ನದ ತಗಡು ನಗ್ಗಬಾರದೆಂದು ಒಳಗೆ ಅರಗು ತುಂಬಿರುತ್ತಾರೆ. ಆ ಅರಗಿನ ತೂಕವನ್ನೂ ಕಳೆಯಬೇಕು.

ಕೌಂಟರಿನ ಆಚೆ ನಿಂತ ತಾಯಂದಿರ ಲೆಕ್ಕವೇ ಬೇರೆ. "ಅದನ್ನ ಜ್ವಾಕಿ ಇಡ್ರಿ ಸಾಹೇಬ್ರ, ನಮ್ಮವ್ವ ಹಾಕಿದ್ದದು" ಎನ್ನುತ್ತಿದ್ದರು. ನಮ್ಮ ರಿಜಿಸ್ಟರಿನಲ್ಲಿ ದಾಗೀನಿನ ಹೆಸರು, ತೂಕ, ಬೆಲೆ ಬರೆಯಲು ಕಾಲಮುಗಳಿದ್ದವು. "ಅವ್ವ ಹಾಕಿದ್ದು" ಎಂದು ಬರೆಯಲು ಕಾಲಮು ಇರಲಿಲ್ಲ. ಬ್ಯಾಂಕಿಗೆ ಅದು ಬೇಕಿಲ್ಲ, ಮನೆಗೆ ಬೇಕು.

ಇಂಥವರಿಗೇ ಎಂದು ಒಡವೆ ಮಾಡಿಸಿ ಕೊಡುವುದನ್ನು ಈಗ ದೊಡ್ಡ ಅಂಗಡಿಗಳು ಹೊಸದೆಂಬಂತೆ ಹೇಳುತ್ತವೆ. ಹೆಸರಿನ ಪದಕ, ಅಕ್ಷರದ ಉಂಗುರ, ಹುಟ್ಟಿದ ದಿನ ಕೊರೆದ ಕಡಗ, ಹೀಗೆ. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಇದು ಹಳೆಯ ಮಾತು. ಕೂಸಿಗೆ ತೊಟ್ಟಿಲಕ್ಕೆ ಹಾಕುವಾಗ ಸೋದರಮಾವ ಬೆಳ್ಳಿಯ ಉಡುದಾರ, ಗೆಜ್ಜೆ ತರುತ್ತಾನೆ. ಮದುವೆಯಲ್ಲಿ ಇಳಕಲ್ ಸೀರೆ ಉಟ್ಟ ಮಗಳ ಕೊರಳಿಗೆ ತಾಯಿ ತನ್ನ ಗುಂಡಿನ ಸರ ಹಾಕುತ್ತಾಳೆ. ಮಗಳಿಗೆ ಕೊಡುವ ಕೊಡ, ತಾಟು, ಚರಿಗೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಹಾಕಿಸುವುದು ಯಾರ ಮನೆಯಲ್ಲಿಲ್ಲ?

ಹೆಸರು ಬರೆದ ಒಡವೆಯ ಕಥೆಗಳೂ ಹಳೆಯವೇ. ರಾಮಾಯಣದಲ್ಲಿ ಹನುಮಂತ ಲಂಕೆಗೆ ಒಯ್ದದ್ದು ರಾಮನ ಹೆಸರಿದ್ದ ಉಂಗುರ. ಅದನ್ನು ನೋಡಿ ಸೀತೆಗೆ ನಂಬಿಕೆ ಬಂತು. ಅವಳು ಮರಳಿ ಕಳಿಸಿದ ಚೂಡಾಮಣಿ ಮದುವೆಯಲ್ಲಿ ತವರಿನಿಂದ ಬಂದದ್ದು. ಅದನ್ನು ಕಂಡ ಕೂಡಲೇ ರಾಮನಿಗೆ ಗುರುತು ಸಿಕ್ಕಿತು. ಕಾಳಿದಾಸನ ಶಾಕುಂತಲ ನಾಟಕದಲ್ಲಿ ದುಷ್ಯಂತ ತನ್ನ ಹೆಸರಿನ ಉಂಗುರವನ್ನು ಶಕುಂತಲೆಗೆ ಕೊಡುತ್ತಾನೆ. "ದಿನಕ್ಕೊಂದು ಅಕ್ಷರ ಎಣಿಸು, ಹೆಸರು ಮುಗಿಯುವಷ್ಟರಲ್ಲಿ ನಿನ್ನನ್ನು ಕರೆದೊಯ್ಯಲು ಜನ ಬರುತ್ತಾರೆ" ಎಂಬ ಅರ್ಥದಲ್ಲಿ ಹೇಳಿರುತ್ತಾನೆ. ಆಮೇಲೆ ಆ ಉಂಗುರ ನೀರಿಗೆ ಬಿದ್ದು, ಮೀನಿನ ಹೊಟ್ಟೆ ಸೇರಿ, ಎಷ್ಟು ತೊಂದರೆಯಾಯಿತೆಂದು ಅಜ್ಜನನ್ನು ಕೇಳಿ.

ಇನ್ನು ನಮ್ಮ ಚಾಲುಕ್ಯರ ನಾಡಿನ ಮಾತು. ಬಾದಾಮಿಯ 3ನೇ ಗುಹೆ ಕ್ರಿ.ಶ. 578ರದು. ಅಲ್ಲಿಯ ಕಂಬಗಳ ಮೇಲಿನ ದಂಪತಿ ಶಿಲ್ಪಗಳನ್ನು ನಿಂತು ನೋಡಿ. ಕೊರಳ ಹಾರ, ತೋಳಬಂದಿ, ಕಿವಿಯ ಓಲೆ, ನಡುಪಟ್ಟಿ ಎಲ್ಲವೂ ಕಲ್ಲಿನಲ್ಲಿ ಇವೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಕಟ್ಟಿಸಿದ ಆ ಗುಡಿಗೆ ಮೊದಲು ಅವಳ ಹೆಸರಿನಿಂದಲೇ ಲೋಕೇಶ್ವರ ಎಂದು ಕರೆಯುತ್ತಿದ್ದರು. ಅದೇ ವಿಕ್ರಮಾದಿತ್ಯ ಕಂಚಿಯ ಗುಡಿಯ ಸಂಪತ್ತನ್ನು ಕಂಡು, ಅದನ್ನು ಒಯ್ಯದೆ ದೇವರಿಗೇ ಮರಳಿ ಕೊಟ್ಟ. ಈ ಸಂಗತಿಯನ್ನು ಹೇಳುವ ಕನ್ನಡ ಶಾಸನ ಕಂಚಿಯ ಕೈಲಾಸನಾಥ ಗುಡಿಯಲ್ಲಿ ಇಂದಿಗೂ ಇದೆ. ಬರೆದಿಟ್ಟದ್ದರಿಂದ ಕೊಟ್ಟವನ ಹೆಸರು ನಮ್ಮವರೆಗೂ ಬಂತು.

ನಮ್ಮ ಜಿಲ್ಲೆಯವರಿಗೆ ಒಡವೆಯ ನೆನಪು ಎಷ್ಟು ದೊಡ್ಡದೆಂದು ಮುಳುಗಡೆ ಕಲಿಸಿತು. ಆಲಮಟ್ಟಿ ಜಲಾಶಯದ ಹಿನ್ನೀರು ಬಾಗಲಕೋಟೆಯ ಹಳೆಯ ಊರಿನ ಭಾಗಗಳನ್ನೂ ಎಷ್ಟೋ ಹಳ್ಳಿಗಳನ್ನೂ ತೆಗೆದುಕೊಂಡಿತು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ಮನೆ ಬಂತು, ಪಡಸಾಲೆ ಬರಲಿಲ್ಲ. ಬೇವಿನ ಮರ, ಬಾವಿ, ಕಟ್ಟೆ, ಓಣಿ ಯಾವುದನ್ನೂ ಗಂಟು ಕಟ್ಟಿ ತರಲಾಗಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು ಬಂದ ಮೂಗುಬಟ್ಟು, ಕಾಲುಂಗುರ ಮಾತ್ರ ಬಂದವು. ಆ ಊರಿನಲ್ಲಿ ಹುಟ್ಟಿ ಬೆಳೆದ ಅಜ್ಜಿಯ ಕೈಯಲ್ಲಿ ಆ ಊರಿನದೆಂದು ಉಳಿದದ್ದು ಅಷ್ಟೇ.

ಆದರೆ ಕಥೆ ಗೊತ್ತಿಲ್ಲದಿದ್ದರೆ ಅದೂ ಉಳಿಯುವುದಿಲ್ಲ. ಮೊಮ್ಮಗಳ ಮದುವೆಗೆ ಹೊಸ ನೆಕ್ಲೇಸು ಬೇಕು, ಹಳೆಯದನ್ನು ಹಾಕಿ ಹೊಸದು ತರೋಣ ಎನ್ನುತ್ತಾರೆ. ಅಂಗಡಿಯವರು ಅರಗು, ಹರಳು ಕಳೆದು ಬಂಗಾರದ ಬೆಲೆ ಕಟ್ಟುತ್ತಾರೆ. ಅವರ ತಪ್ಪೇನಿಲ್ಲ, ತಕ್ಕಡಿಗೆ ತೂಕ ಮಾತ್ರ ತಿಳಿಯುತ್ತದೆ. ಮೂಸೆಗೆ ಹೋದ ಬೋರಮಾಳ ಮರಳಿ ಬರುವುದಿಲ್ಲ. ಕಷ್ಟ ಬಂದಾಗ ಮಾರಲೇಬೇಕು, ಬಂಗಾರ ಇರುವುದೇ ಅದಕ್ಕೆ. ಯಾರದೆಂದು ತಿಳಿದು ಮಾರುವುದು ಬೇರೆ, ತಿಳಿಯದೆ ಕರಗಿಸುವುದು ಬೇರೆ.

ಹೊಸದಾಗಿ ಉಡುಗೊರೆ ಮಾಡಿಸುವ ಅಜ್ಜ-ಅಜ್ಜಿಯರಿಗೆ ನಾಲ್ಕು ಮಾತು. ಬಂಗಾರವೇ ಆಗಬೇಕೆಂದಿಲ್ಲ, ಬೆಳ್ಳಿಯ ಕಡಗ, ಪದಕವೂ ಸಾಕು. ಹೆಸರು ಕೊರೆಸುವುದಾದರೆ ಉಂಗುರದ ಒಳಮೈ, ಪದಕದ ಬೆನ್ನು ಒಳ್ಳೆಯ ಜಾಗ. ಅರಗು ತುಂಬಿದ ತೆಳು ಗುಂಡಿನ ಮೇಲೆ ಕೊರೆಸಬೇಡಿ, ತಗಡು ತೂತಾದೀತು. ಕನ್ನಡದ ಒತ್ತಕ್ಷರ ಚಿಕ್ಕ ಜಾಗದಲ್ಲಿ ಮಸುಕಾಗುತ್ತದೆ, ಆದ್ದರಿಂದ ಒಂದೆರಡು ಅಕ್ಷರ ಮತ್ತು ಇಸವಿ ಇದ್ದರೆ ಸಾಕು.

ಹಾಲ್‌ಮಾರ್ಕ್ ಗುರುತು ಅಳಿಯದಂತೆ ನೋಡಿಕೊಳ್ಳಿ. ಅದರಲ್ಲಿ ಮೂರು ಇರುತ್ತವೆ: ಬಿಐಎಸ್ ಮುದ್ರೆ, ಶುದ್ಧತೆ, 6 ಅಕ್ಷರ-ಅಂಕಿಗಳ ಎಚ್‌ಯುಐಡಿ. 22 ಕ್ಯಾರೆಟ್ ಚಿನ್ನಕ್ಕೆ 916 ಎಂದಿರುತ್ತದೆ. ಮಕ್ಕಳೇ, 22ನ್ನು 24ರಿಂದ ಭಾಗಿಸಿ 1000ದಿಂದ ಗುಣಿಸಿ, ಆ 916 ಎಲ್ಲಿಂದ ಬಂತೆಂದು ತಿಳಿಯುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಎಚ್‌ಯುಐಡಿ ಹಾಕಿ ಅಜ್ಜಿಗೆ ತೋರಿಸುವ ಕೆಲಸ ನಿಮ್ಮದು. ಅಜ್ಜಿಯ ಹಳೆಯ ದಾಗೀನಿನ ಮೇಲೆ ಈ ಗುರುತು ಇರಲಿಕ್ಕಿಲ್ಲ. ಅದರ ತೂಕವನ್ನು ಅವರು ತೊಲೆ, ಗುಲಗಂಜಿಯಲ್ಲಿ ಹೇಳುತ್ತಾರೆ. ಹಳೆಯ 1 ತೊಲೆ ಎಂದರೆ 96 ಗುಲಗಂಜಿ, ಸುಮಾರು 11.66 ಗ್ರಾಂ. ಹಾಗಾದರೆ 1 ಗುಲಗಂಜಿ ಎಷ್ಟು ಗ್ರಾಂ? ಲೆಕ್ಕ ಮಾಡಿ.

ಕೊನೆಗೊಂದು ಕೆಲಸ, ಖರ್ಚಿಲ್ಲದ್ದು. ಈ ಭಾನುವಾರ ಅಜ್ಜಿಯ ಹತ್ತಿರ ಒಂದು ನೋಟುಬುಕ್ ಹಿಡಿದು ಕುಳಿತುಕೊಳ್ಳಿ. ದಾಗೀನಿಗೆ ಒಂದು ಪುಟ. ಐದು ಸಾಲು ಸಾಕು: ಇದರ ಹೆಸರೇನು, ಯಾರು ಯಾರಿಗೆ ಕೊಟ್ಟರು, ಯಾವಾಗ ಮತ್ತು ಯಾಕೆ, ಯಾವ ಊರಿನ ಪತ್ತಾರರು ಮಾಡಿದರು, ತೂಕ ಎಷ್ಟು. ಅಜ್ಜಿ ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆಯಿರಿ. ಫೋಟೋ ಇದ್ದರೆ ಅಂಟಿಸಿ. ಒಂದು ಪ್ರತಿ ದಾಗೀನಿನ ಡಬ್ಬಿಯಲ್ಲಿ ಮಡಚಿ ಇಡಿ, ಇನ್ನೊಂದು ನೋಟುಬುಕ್ಕಿನಲ್ಲಿ ಬೇರೆ ಕಡೆ ಇರಲಿ. ಮನೆಯಲ್ಲಿ ಎಷ್ಟು ಬಂಗಾರವಿದೆ ಎಂದು ಹೊರಗಿನವರಿಗೆ ಹೇಳುವುದು ಬೇಡ.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಕೇಳಲಿ ಎಂದು ಕಾಯಬೇಡಿ. ದಾಗೀನು ಕೊಡುವ ದಿನವೇ ಅದರ ಕಥೆಯನ್ನೂ ಹೇಳಿ ಕೊಡಿ.